ಪಾಠ ಗೂಡಿನ ಬೆಲೆಯಿಂದ ಶುರುವಾಗಲಿ

ಪ್ರಶ್ನೆ: ಚನ್ನಪಟ್ಟಣದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಕನಕಪುರ, ಮಾಗಡಿ ಕಡೆಯಿಂದಲೂ ಬರುವ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ತಪ್ಪು ಹೇಳಿ ಎಲ್ಲರೆದುರು ನಗೆಪಾಟಲಾಗುವ ಭಯವೇ ಎಷ್ಟೋ ಮಕ್ಕಳ ಬಾಯಿ ಕಟ್ಟಿಹಾಕುತ್ತದೆ. ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಒಬ್ಬೊಬ್ಬರೇ ಯೋಚಿಸಿ ಬರೆಯಲಿ, ಎರಡು ನಿಮಿಷ ಪಕ್ಕದವರೊಂದಿಗೆ ಚರ್ಚಿಸಲಿ, ಆಮೇಲೆ ತರಗತಿಗೆ ಹೇಳಲಿ. ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ಈ ಕ್ರಮಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ.

ಆದರೆ ಪ್ರಶ್ನೆ ಊರಿನದಾಗಿರಲಿ. ‘ಬೇಡಿಕೆಯ ನಿಯಮ ಎಂದರೇನು?’ ಎಂದರೆ ಗೈಡಿನ ಸಾಲೇ ಬರುತ್ತದೆ. ‘ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಒಂದೇ ದಿನ ಒಂದೊಂದು ಲಾಟಿಗೆ ಒಂದೊಂದು ಬೆಲೆ ಏಕೆ?’ ಎಂದು ಕೇಳಿ. ಮನೆಯಲ್ಲಿ ಹುಳು ಸಾಕುವ ಹುಡುಗಿ ದ್ವಿತಳಿ, ಮಿಶ್ರತಳಿ, ಕಲೆಬಿದ್ದ ಗೂಡಿನ ವ್ಯತ್ಯಾಸವನ್ನು ತಾನೇ ಬಿಡಿಸಿ ಹೇಳುತ್ತಾಳೆ. ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಪಠ್ಯದ ಪದ ಬರೆಯಿರಿ. ಮುಂದಿನ ವಾರ, ಜಿಐ ಮಾನ್ಯತೆಯ ಚನ್ನಪಟ್ಟಣದ ಗೊಂಬೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗೆ ಎದುರು ನಿಲ್ಲುವುದು ಹೇಗೆಂದು ಚರ್ಚೆಗಿಡಿ.

ಕೊನೆಯ ಮೂರು ನಿಮಿಷ ಹೆಸರಿಲ್ಲದ ಚೀಟಿಯಲ್ಲಿ ಅರ್ಥವಾಗದ್ದನ್ನು ಬರೆಸಿ. ಮರುದಿನದ ಪಾಠ ಅಲ್ಲಿಂದಲೇ ಶುರುವಾಗಲಿ. ಆರಂಭದ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಡಬೇಡಿ.