ಜಾವಾ ಇಂಜಿನ್ನಿಗೆ ಸಾಮಾನು ಕೊಳ್ಳುವ ಮುಂಚೆ

ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ತಾತನ ಜಾವಾ ಬೈಕನ್ನು ಮತ್ತೆ ಎಬ್ಬಿಸಲು ಹೊರಟಿದ್ದೀಯ, ಸಂತೋಷ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಇವತ್ತು ‘ಕಂಪನಿ ಮಾಲು’ ಅಂತ ಸಿಗುವುದೆಲ್ಲ ಒಂದೋ ಹಳೇ ದಾಸ್ತಾನು, ಇಲ್ಲವೇ ಬೇರೆ ಗಾಡಿಯಿಂದ ಬಿಚ್ಚಿದ್ದು, ಅದೂ ಅಲ್ಲದಿದ್ದರೆ ಈಚೆಗೆ ಎರಕ ಹೊಯ್ದದ್ದು.

• ಡಬ್ಬಿ ನೋಡಿ ಮರುಳಾಗಬೇಡ. ಪಿಸ್ಟನ್ ಮಾಡುವುದಕ್ಕಿಂತ ಲೇಬಲ್ ಅಚ್ಚು ಹಾಕಿಸುವುದು ಸುಲಭ. ಹಳದಿ ಬಿದ್ದ ಡಬ್ಬಿ ನಂಬಿ ನಾನೂ ಒಂದು ತಂದಿದ್ದೆ. ಎರಡನೇ ದಿನಕ್ಕೇ ಸೀಜ್ ಆಯಿತು.

• ಸಾಮಾನಿನ ಮೇಲಿರುವ ಅಕ್ಷರಗಳಿಗೆ ಉಗುರು ಆಡಿಸು. ಅಸಲಿಯಿಂದಲೇ ಅಚ್ಚು ತೆಗೆದು ಹೊಯ್ದ ನಕಲಿಯಲ್ಲಿ ಅಂಚು ಕರಗಿದಂತಿರುತ್ತದೆ. ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಕಡಿಮೆ. ಅಂಗಡಿಗೆ ವರ್ನಿಯರ್ ಒಯ್ಯಿ.

• ಪಿಸ್ಟನ್: 250 ಸಿಸಿ ಜಾವಾದ ಬೋರ್ 65 ಮಿ.ಮೀ. ತಲೆಯ ಮೇಲೆ ತುಸು ಹೆಚ್ಚಿನ ಅಂಕಿ ಇದ್ದರೆ ನಕಲಿ ಅನ್ನಬೇಡ. ಅದು ಬೋರ್ ಮಾಡಿಸಿದ ಸಿಲಿಂಡರಿಗೆ ಓವರ್‌ಸೈಜ್. ರಿಂಗಿನ ಗ್ರೂವ್‌ನಲ್ಲಿರುವ ಪುಟ್ಟ ಪಿನ್ ಭದ್ರವಾಗಿದೆಯೇ ನೋಡು. ಅದು ಕಳಚಿದರೆ ರಿಂಗು ತಿರುಗಿ, ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

• ಗೇರು: ಅಂಗಡಿಯವರನ್ನು ಕೇಳಿಕೊಂಡು, ಕೆಲಸಕ್ಕೆ ಬಾರದ ಅಂಚಿನಲ್ಲಿ ನುಣುಪು ಅರ ಒಮ್ಮೆ ಎಳೆ. ಜಾರಿದರೆ ಹದ ಕೊಟ್ಟ ಉಕ್ಕು, ಕಚ್ಚಿದರೆ ಮೆತ್ತಗಿನದು. ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದರ ಒಳಹಲ್ಲು ಸವೆದರೆ ಎರಡೂ ಹೋದಂತೆ.

• ಕಾರ್ಬ್ಯುರೇಟರ್: ಮೈಮೇಲೆ ಜಿಕೋವ್ ಎಂಬ ಕಂಪನಿ ಹೆಸರಿದ್ದರೆ ಸಾಲದು. ಒಳಗಿನ ಸ್ಲೈಡ್ ಅಲುಗಾಡಿಸು. ಲೊಟಲೊಟ ಅಂದರೆ ಸವೆದ ಅಸಲಿಯೋ, ಕೆಟ್ಟ ನಕಲಿಯೋ, ಯಾವುದೂ ಬೇಡ. ಸಂದಿನಲ್ಲಿ ಗಾಳಿ ಎಳೆದು ಐಡ್ಲಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ.

• ರಬ್ಬರು: ಇಲ್ಲಿ ಮಾತ್ರ ಅಸಲಿಯ ಮೋಹ ಬಿಡು. ಹಳೇ ಆಯಿಲ್ ಸೀಲ್ ಡಬ್ಬಿಯಲ್ಲಿ ಕೂತೇ ಗಟ್ಟಿಯಾಗಿರುತ್ತದೆ. ಕ್ರಾಂಕ್ ಸೀಲ್ ಸೋರಿದರೆ ಗಾಳಿ ಒಳನುಗ್ಗಿ, ಪೆಟ್ರೋಲು-ಆಯಿಲ್ ಸಾಲದೆ, ದುಡ್ಡು ಸುರಿದು ತಂದ ಅಸಲಿ ಪಿಸ್ಟನ್ನೇ ಸುಟ್ಟೀತು. ಹೊಸದಾಗಿ ಮಾಡಿದ ಒಳ್ಳೇ ಸೀಲ್ ಹಾಕು.

• ಇಂಜಿನ್ ಕೇಸು: ನಂಬರಿನ ಸುತ್ತ ಉಜ್ಜಿದ ಗುರುತಿದ್ದರೆ, ಕಾಗದ ಪತ್ರಕ್ಕೆ ತಾಳೆಯಾಗದಿದ್ದರೆ, ಪುಕ್ಕಟೆ ಕೊಟ್ಟರೂ ಮುಟ್ಟಬೇಡ.

• ಕೊನೇ ಮಾತು: ತಾತನ ಇಂಜಿನ್ನಿನಿಂದ ಬಿಚ್ಚಿದ ಸವೆದ ಸಾಮಾನನ್ನು ಗುಜರಿಗೆ ಹಾಕಬೇಡ. ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ದು, ಹೊಸದರ ಪಕ್ಕ ಇಟ್ಟು ನೋಡು. ಅಂಗಡಿಯವರ ಆಣೆಗಿಂತ ಅದರ ಸಾಕ್ಷಿ ದೊಡ್ಡದು.