ಡಿಪ್ಲೊಮಾ ಸೇರುವ ಮುನ್ನ

ದನಕರುಗಳ ಮೇಲಿನ ಪ್ರೀತಿಯಿಂದ ಪಶುಸಂಗೋಪನಾ ಡಿಪ್ಲೊಮಾ ಸೇರಲು ಹೊರಟಿರುವ ಮಕ್ಕಳೇ, ಅದು ಪಶುವೈದ್ಯರಾಗುವ ಒಳದಾರಿ ಎಂದುಕೊಳ್ಳಬೇಡಿ. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಈ ಕೋರ್ಸು ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ 2 ವರ್ಷದ್ದು. ವೈದ್ಯರಾಗಲು ಪಿಯುಸಿ ವಿಜ್ಞಾನದ ಬಳಿಕ ಐದೂವರೆ ವರ್ಷ ಓದಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಡಿಪ್ಲೊಮಾದವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆಯನ್ನಷ್ಟೇ ಮಾಡಬಹುದು. ಹಳ್ಳಿಯಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎನ್ನಬಹುದು. ಯಾರೂ ಕೇಳದಿದ್ದರೂ, ಅಂದಾಜಿನಲ್ಲಿ ಚುಚ್ಚಿದ ಆ್ಯಂಟಿಬಯೋಟಿಕ್ ಹಾಲಿಗಿಳಿದು ಮನೆಮಂದಿಯ ಹೊಟ್ಟೆ ಸೇರುತ್ತದೆ. ಹಾಗೆಂದು ಈ ಓದು ಕೀಳಲ್ಲ; ಕಾಲುಬಾಯಿ ಜ್ವರದ ಲಸಿಕೆಗೆ, ಕೃತಕ ಗರ್ಭಧಾರಣೆಗೆ, ಗಾಯದ ಆರೈಕೆಗೆ ನುರಿತ ಕೈಗಳೇ ಬೇಕು. ಸೇರುವ ಮುಂಚೆ ಕೆಲವು ದಿನ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಸಗಣಿ, ರಕ್ತ, ಒದೆತಗಳ ನಡುವಿನ ಆ ಕೆಲಸವನ್ನು ಕಣ್ಣಾರೆ ನೋಡಿ. ಹಿಡಿಸಿದರೆ ಅರ್ಜಿ ಹಾಕಿ.