ಹೊಸ ಹಿಮದ ಅಡಿಯಲ್ಲಿ

ಗೌರಸಮುದ್ರದ ಕಣದಲ್ಲಿ ಶೇಂಗಾ ರಾಶಿ ಹಾಕಿದವರು ಬಲ್ಲರು: ರಾಶಿಯ ಪಕ್ಕ ಒಂದು ಮಿತಿಗಿಂತ ಕಡಿದಾದರೆ ಕಾಯಿ ತಾನಾಗಿ ಜಾರುತ್ತದೆ. ಪರ್ವತದ ಹಿಮವೂ ಹೀಗೆ ಜಾರುವುದುಂಟು. ಆದರೆ ಜೀವಹಾನಿ ಮಾಡುವ ಹಿಮಕುಸಿತದಲ್ಲಿ ಬಹುಮಟ್ಟಿಗೆ ಜಾರುವುದು ಬಿಡಿ ಹರಳಲ್ಲ, ಇಡಿಯ ಚಪ್ಪಡಿ. 2022ರ ಅಕ್ಟೋಬರ್ 4ರಂದು ಗಢವಾಲ ಹಿಮಾಲಯದ ದ್ರೌಪದೀ ಕಾ ಡಾಂಡಾ-2 ಶಿಖರದ ಬಳಿ ಇಂಥ ಕುಸಿತಕ್ಕೆ ಸಿಕ್ಕಿ, ಪರ್ವತಾರೋಹಣ ಕಲಿಯಲು ಹೋದ ಕರ್ನಾಟಕದ ತರುಣರೂ ಸೇರಿ 25ಕ್ಕೂ ಹೆಚ್ಚು ಮಂದಿ ಮಡಿದರು.

ಚಳಿಗಾಲದ ಆರಂಭದಲ್ಲಿ ಈ ಅಪಾಯ ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸೋಣ. ಮೊದಲ ಹಿಮ ತೆಳುವಾದುದು. ಅದರಡಿಯ ನೆಲದ ಉಷ್ಣತೆ ಸುಮಾರು 0 ಡಿಗ್ರಿ. ಮೋಡವಿಲ್ಲದ ರಾತ್ರಿಯಲ್ಲಿ ಮೇಲ್ಮೈ ಅದಕ್ಕಿಂತ ಬಹಳ ತಣ್ಣಗಾಗುತ್ತದೆ. ಇಷ್ಟೊಂದು ವ್ಯತ್ಯಾಸವು ಒಂದೆರಡು ಗೇಣು ದಪ್ಪದಲ್ಲಿ ಅಡಕವಾದಾಗ ಕೆಳಗಿನ ಹಿಮ ಕರಗದೆಯೇ ಆವಿಯಾಗಿ ಮೇಲೇರಿ, ಅಲ್ಲಿನ ಹರಳುಗಳ ಮೇಲೆ ಪುನಃ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ, ಒಂದಕ್ಕೊಂದು ಅಂಟದ ಸಕ್ಕರೆಯಂಥ ಪದರವೊಂದು ಸಿದ್ಧವಾಗುತ್ತದೆ. ದಪ್ಪ ಹಿಮದಲ್ಲಿ ಇದು ಇಷ್ಟು ಸುಲಭವಲ್ಲ. ತೆಳು ಹಿಮ ನಿರಪಾಯವೆಂಬ ನಂಬಿಕೆ ಆದುದರಿಂದಲೇ ಘಾತುಕವಾದುದು.

ಅನಂತರ ಹಿಮದ ಬಿರುಗಾಳಿ ಬೀಸಿ, ಹೊಸ ಹಿಮವನ್ನು ಈ ಪದರದ ಮೇಲೆ ಒತ್ತಿ ಹಾಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ಭಾರವೇ ಸಾಕಾಗಬಹುದು: ಕೆಳಪದರ ಕುಸಿಯುತ್ತದೆ, ಬಿರುಕು ಕ್ಷಣದಲ್ಲಿ ಹಬ್ಬುತ್ತದೆ, ಚಪ್ಪಡಿ ಕಳಚಿಕೊಳ್ಳುತ್ತದೆ. ಬಿರುಗಾಳಿ ನಿಂತ ಮೊದಲ ಒಂದೆರಡು ದಿನ ಅಪಾಯ ಹೆಚ್ಚು. ಸಕ್ಕರೆಯ ಪದರವಾದರೋ ವಾರಗಟ್ಟಲೆ ಹಾಗೆಯೇ ಉಳಿಯಬಲ್ಲದು. ಅನುಭವಿಗಳು ಸಲಿಕೆಯಿಂದ ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುತ್ತಾರೆ. ಕಾಲಡಿಯಲ್ಲಿ ‘ಧುಪ್’ ಎಂದು ಹಿಮ ಕುಸಿದ ಸದ್ದು ಕೇಳಿದರೆ ಆ ಇಳಿಜಾರನ್ನೇ ಬಿಟ್ಟು ಹಿಂದಿರುಗುತ್ತಾರೆ.